ಇನ್ನೂರ ಹನ್ನೊಂದನೆಯ ಗೂಡು

ನಮ್ಮ ಊರಿನಲ್ಲಿ ದಿನಗಳಿಗೂ ಒಂದೊಂದು ನೆಲೆ ಉಂಟು. ಊರಿನ ಮೂಡಲಿಗೆ ಉದ್ದವಾದ ಒಂದು ಗೋಡೆ. ಆ ಗೋಡೆಯಲ್ಲಿ ಮುನ್ನೂರ ಅರವತ್ತಾರು ಗೂಡು. ದಿನಕ್ಕೊಂದು ಗೂಡು, ಗೂಡಿಗೊಂದು ಕರಿಹಲಗೆ. ಆ ದಿನ ಯಾವ ಯಾವ ವರ್ಷದಲ್ಲಿ ಏನೇನಾಯಿತೋ ಅದೆಲ್ಲ ಆ ಹಲಗೆಯ ಮೇಲೆ ಬಳಪದಲ್ಲಿ ಬರೆದಿರುತ್ತದೆ. ಇಂಥವರು ಹುಟ್ಟಿದರು, ಇಂಥವರು ತೀರಿಕೊಂಡರು, ಇಂಥ ಬಾವಿಯಲ್ಲಿ ನೀರು ಕಂಡಿತು.

ಪ್ರತಿದಿನ ಹೊತ್ತು ಮೂಡುವಾಗ ಊರ ಹಿರಿಯರು ಆ ದಿನದ ಗೂಡಿನ ಮುಂದೆ ನಿಂತು ಹಲಗೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದುತ್ತಾರೆ. ತೀರಿಕೊಂಡವರ ಹೆಸರು ಬಂದಾಗ ಅವರ ಮನೆಯವರು ಗೂಡಿನ ಕೆಳಗಿನ ಕಲ್ಲುಮರಿಗೆಗೆ ಒಂದು ಚೆಂಬು ನೀರು ಹೊಯ್ಯುತ್ತಾರೆ. ವರ್ಷಕ್ಕೊಮ್ಮೆ, ತಮ್ಮ ಹೆಸರು ಕಿವಿಗೆ ಬಿದ್ದಾಗ, ಹೋದವರು ಬಂದು ಆ ನೀರು ಕುಡಿಯುತ್ತಾರೆ. ಹೆಸರು ಕೇಳದಿದ್ದರೆ ಬಾಯಾರಿ ಬಂದವರು ಬಾಯಾರಿಯೇ ಹಿಂದಿರುಗುತ್ತಾರೆ. ಕೊನೆಯ ಗೂಡು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ತೆರೆಯುವುದು. ಆ ದಿನ ತೀರಿಕೊಂಡವರ ಮನೆಯವರು ನಾಲ್ಕು ವರ್ಷದ ನೀರನ್ನು ಒಂದೇ ಸಲ ಕೊಡದಲ್ಲಿ ಹೊತ್ತು ತರುತ್ತಾರೆ.

ಗೋಡೆಯ ಎದುರಿಗೆ ಹೆಸರಿನ ಮನೆ. ಅಲ್ಲಿ ಹೆಸರಿಗೊಂದು ಓಲೆ. ಹುಟ್ಟಿದ ಮನುಷ್ಯನಿಗೆ ಒಂದು ಓಲೆ, ನೆಟ್ಟ ಮರಕ್ಕೆ ಒಂದು ಓಲೆ, ತೋಡಿದ ಬಾವಿಗೆ ಒಂದು ಓಲೆ. ಅದರಲ್ಲಿ ಅವರವರ ಕಥೆ, ಅವರವರ ದಿನ.

ಯಾರು ಬೇಕಾದರೂ ಬರೆಯಬಹುದು. ಯಾರು ಬೇಕಾದರೂ ಅಳಿಸಬಹುದು. ನಮ್ಮಲ್ಲಿ ಇದಕ್ಕೆ ಮೇಲು ಕೀಳಿಲ್ಲ. ಆದರೆ ಒಂದು ಕಟ್ಟಳೆಯಿದೆ. ಗೋಡೆ ಹೇಳಿದ್ದನ್ನೇ ಓಲೆ ಹೇಳಬೇಕು, ಓಲೆ ಹೇಳಿದ್ದನ್ನೇ ಗೋಡೆ ಹೇಳಬೇಕು. ಎರಡೂ ಬೇರೆ ಬೇರೆಯಾದರೆ, ಸರಿಹೋಗುವ ತನಕ ಆ ಹೆಸರನ್ನು ಓದುವಂತಿಲ್ಲ.

ಹಾಗೆ ಬೇರೆಯಾಗದಂತೆ ನೋಡಿಕೊಳ್ಳುವವನನ್ನು ತಾಳೆಯವನು ಅನ್ನುತ್ತಾರೆ. ನಾನು ಆ ಊರಿನ ತಾಳೆಯವನು.

ತಾಳೆಯವನ ಕೆಲಸ ದೊಡ್ಡ ವಿದ್ಯೆಯೇನಲ್ಲ. ಮರಳಿನ ಮೇಲೆ ಅಕ್ಷರ ತಿದ್ದಿ ಕಲಿತವನಿಗೂ ಸಾಕಾಗುವಂಥದ್ದು. ಬೆಳಗ್ಗೆ ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ಗೋಡೆಗೆ ಹೋಗುವುದು. ಗೂಡಿನಿಂದ ಓಲೆಗೆ, ಓಲೆಯಿಂದ ಗೂಡಿಗೆ ನಡೆಯುವುದು. ಎಲ್ಲಾದರೂ ಎರಡು ಮಾತು ಕಂಡರೆ ಕಾಲು ತೊಳೆದುಕೊಂಡು ಆ ಮನೆಗೆ ಹೋಗಬೇಕು. ಒಳಗೆ ಕಾಲಿಡಬಾರದು. ಜಗಲಿಯ ಮೇಲೆ ಕುಳಿತು ಒಂದೇ ಮಾತು ಕೇಳಬೇಕು, "ಹತ್ತಿರ ಇದ್ದವರು ಯಾರು?" ಹತ್ತಿರ ಇದ್ದವರು ಏನು ಹೇಳುತ್ತಾರೋ ಅದನ್ನು ಎರಡೂ ಕಡೆ ಬರೆಯಬೇಕು. ನನ್ನ ಅಪ್ಪ ಇದನ್ನೇ ಮಾಡಿದ. ಅವನ ಅಪ್ಪನೂ ಇದನ್ನೇ ಮಾಡಿದ.

ನಮ್ಮ ಊರಿನವರು ಗೋಡೆಯನ್ನು ನಂಬಿದಷ್ಟು ತಮ್ಮನ್ನು ತಾವು ನಂಬುವುದಿಲ್ಲ. ಒಮ್ಮೆ ಒಬ್ಬ ಗಂಡನೂ ಹೆಂಡತಿಯೂ ತಮ್ಮ ಮದುವೆಯ ದಿನದ ಮೇಲೆ ಜಗಳ ಆಡಿಕೊಂಡು ಬಂದರು. ಅವನು ನೂರ ಮೂರು ಅನ್ನುತ್ತಾನೆ, ಅವಳು ನೂರ ಐದು ಅನ್ನುತ್ತಾಳೆ. ಗೋಡೆಯಲ್ಲಿ ನೂರ ನಾಲ್ಕು ಎಂದಿತ್ತು. ಇಬ್ಬರೂ ನಕ್ಕು, "ನಮ್ಮಿಬ್ಬರಿಗೂ ತಲೆ ಕೆಟ್ಟಿತ್ತು" ಎಂದು ಹೇಳಿಕೊಂಡು ಒಟ್ಟಿಗೆ ಮನೆಗೆ ಹೋದರು. ಅಂಥ ನಂಬಿಕೆ. ಆ ನಂಬಿಕೆಯ ನಡುವೆ ನಾನು ಬಳಪ ಹಿಡಿದುಕೊಂಡು ಓಡಾಡುತ್ತಿದ್ದೆ.

ವರ್ಷಕ್ಕೊಂದು ದಿನ ಹಿರಿಯರು ತಾಳೆ ನೋಡುತ್ತಾರೆ. ತಪ್ಪು ಸಿಕ್ಕರೆ ತಪ್ಪಿಗೊಂದು ಕಲ್ಲನ್ನು ತಾಳೆಯವನ ಹೊಸಿಲ ಮುಂದೆ ಇಡುತ್ತಾರೆ. ಆ ಕಲ್ಲು ಮುಂದಿನ ವರ್ಷದ ತನಕ ಅಲ್ಲೇ ಇರಬೇಕು. ಹೋಗುವವರು ಬರುವವರು ನೋಡಬೇಕು. ಅಪ್ಪನ ಕಾಲದಲ್ಲಿ ಎರಡೋ ಮೂರೋ ಕಲ್ಲು ಇದ್ದೇ ಇರುತ್ತಿದ್ದವು. ಅವನು ಅವುಗಳ ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನನ್ನ ಕಾಲದಲ್ಲಿ ಏಳು ವರ್ಷ ಒಂದು ಕಲ್ಲೂ ಬೀಳಲಿಲ್ಲ. ಹೆಂಗಸರು ದಾರಿಯಲ್ಲಿ ನಿಂತು ನನ್ನ ಹೊಸಿಲನ್ನು ತಮ್ಮ ಮಕ್ಕಳಿಗೆ ತೋರಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಅವರು ತೋರಿಸುವ ಹೊತ್ತಿಗೆ ಸರಿಯಾಗಿ ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ.

ಎಂಟನೆಯ ವರ್ಷದ ಮಾತು. ತಾಳೆಯ ದಿನಕ್ಕೆ ಇನ್ನೊಂದೇ ದಿನವಿತ್ತು. ನಡುಹಗಲಲ್ಲಿ ನಾನು ಅಂಬಿಗನ ಓಲೆಯನ್ನು ಕೈಗೆತ್ತಿಕೊಂಡೆ. ಅಂಬಿಗ ಎಂದರೆ ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದವನು. ಕೆಲವು ವಾರದ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದ. ಓಲೆಯಲ್ಲಿ ಅವನು ಹೋದದ್ದು ಇನ್ನೂರ ಹನ್ನೆರಡನೆಯ ದಿನ ಎಂದಿತ್ತು. ಗೋಡೆಯಲ್ಲಿ ಅವನ ಹೆಸರು ಇನ್ನೂರ ಹನ್ನೊಂದನೆಯ ಗೂಡಿನಲ್ಲಿತ್ತು. ಅಲ್ಲಿನ ಅಕ್ಷರ ಸೊಟ್ಟ ಸೊಟ್ಟ. ಅವನ ಹೆಂಡತಿ ಸೂತಕ ಕಳೆದ ಮೇಲೆ ಸುತ್ತುದಾರಿಯಲ್ಲಿ ನಡೆದು ಬಂದು ತನ್ನ ಕೈಯಾರೆ ಬರೆದು ಹೋಗಿದ್ದಳು.

ನನಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲವೆಂದಲ್ಲ. ಕಾಲು ತೊಳೆದುಕೊಂಡು ಹೋಗಬೇಕು, ಜಗಲಿಯ ಮೇಲೆ ಕೂರಬೇಕು, ಕೇಳಬೇಕು. ಆದರೆ ಅಂಬಿಗನ ಮನೆ ಹೊಳೆಯ ಆಚೆ ದಡದಲ್ಲಿ. ದಾಟಿಸುವವನೇ ತೀರಿಕೊಂಡಿದ್ದ. ಹರಿಗೋಲು ಆಚೆ ದಡದಲ್ಲಿ ಮಗುಚಿ ಬಿದ್ದಿತ್ತು. ನಡೆದೇ ದಾಟಬೇಕೆಂದರೆ ಮೇಲೆ ಅರ್ಧ ದಿನದ ದಾರಿಯಲ್ಲಿ ಒಂದು ತೆಳುನೀರಿನ ಜಾಗವಿದೆ. ಹೋಗಿ ಬರುವಷ್ಟರಲ್ಲಿ ತಾಳೆಯ ದಿನ ಮುಗಿದಿರುತ್ತಿತ್ತು.

ನಾನು ಗೂಡಿನ ಮುಂದೆ ನಿಂತೆ. ಓಲೆಯ ಅಕ್ಷರ ಕಬ್ಬಿಣದ ಮೊನೆಯ ಕಂಟದಿಂದ ಕೊರೆದದ್ದು. ಬದಲಿಸಬೇಕಾದರೆ ಹೊಸ ಓಲೆ ತಂದು, ಹದ ಮಾಡಿ, ಮೊದಲಿನಿಂದ ಕೊರೆಯಬೇಕು. ಹಲಗೆಯ ಅಕ್ಷರ ಬಳಪದ್ದು. ಒದ್ದೆ ಬಟ್ಟೆ ಸಾಕು.

ಅಳಿಸುವುದಕ್ಕೆ ಯಾವುದು ಸುಲಭವೋ ಅದನ್ನು ಅಳಿಸಿದೆ. ಆಮೇಲೆ ಆ ಹೆಸರನ್ನು ಇನ್ನೂರ ಹನ್ನೆರಡನೆಯ ಗೂಡಿನಲ್ಲಿ ನನ್ನ ದುಂಡಕ್ಷರದಲ್ಲಿ ಬರೆದೆ. ಬರೆದು, ದೂರ ನಿಂತು ನೋಡಿದೆ. ಅವಳ ಅಕ್ಷರಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಮಾರನೆಯ ದಿನ ಹಿರಿಯರು ನನ್ನ ಬೆನ್ನು ತಟ್ಟಿ, "ಎಂಟನೆಯ ವರ್ಷವೂ ಕಲ್ಲಿಲ್ಲವಲ್ಲಯ್ಯಾ! ನಿಮ್ಮಪ್ಪನಿಗೆ ಕಲ್ಲೇ ಕಾಲುಮಣೆಯಾಗಿತ್ತು" ಅಂದರು. ಎಲ್ಲರೂ ನಕ್ಕರು. ಅಪ್ಪನನ್ನು ಆಡಿಕೊಂಡ ಆ ನಗೆಯಲ್ಲಿ ನಾನೂ ಸೇರಿಕೊಂಡೆ.

ವರ್ಷ ಹೊರಳಿತು. ಇನ್ನೂರ ಹನ್ನೊಂದನೆಯ ದಿನ ಬಂತು. ಹೊತ್ತು ಮೂಡುವ ಮೊದಲೇ ಅಂಬಿಗನ ಹೆಂಡತಿ ಚೆಂಬು ಹಿಡಿದು ಗೂಡಿನ ಮುಂದೆ ನಿಂತಿದ್ದಳು. ಮಕ್ಕಳಿಲ್ಲದವಳು. ಗಂಡ ಹೋದ ಮೇಲೆ ಹರಿಗೋಲಿನ ಹುಟ್ಟು ತಾನೇ ಹಿಡಿದು, ಈಗ ಜನರನ್ನು ದಾಟಿಸುತ್ತಿದ್ದವಳೂ ಅವಳೇ. ಸೀರೆಯ ಅಂಚು ಇನ್ನೂ ಒದ್ದೆಯಿತ್ತು.

ಹಿರಿಯರು ಓದಿದರು. ಎಂದೋ ಹುಟ್ಟಿದವರನ್ನು ಓದಿದರು, ಎಂದೋ ಹೋದವರನ್ನು ಓದಿದರು. ಕೊನೆಗೆ ಹೋದ ವರ್ಷದ್ದು. "ಈ ದಿನ ನಸುಕಿನ ಗಾಳಿಗೆ ಆಚೆ ದಡದ ಒಣಹುಣಸೆ ಉರುಳಿತು. ಈ ದಿನ ಆಚೆ ದಡದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಈ ದಿನ ಸಂಜೆ, ಉರುಳಿದ ಹುಣಸೆಯನ್ನು ಸೀಳಿ ಒಂದು ಚಿತೆಗೆ ಹಾಕಿದೆ." ಆ ಕೊನೆಯ ಮಾತು ಊರಿಗೆ ಕಟ್ಟಿಗೆ ಸೀಳಿ ಹೊರುವ ಕಟ್ಟಿಗೆಯವನು ಬರೆದದ್ದು. ಓದು ಮುಗಿಯಿತು. ಜನ ಚದುರಿದರು. ಅವಳು ಚೆಂಬು ಹಿಡಿದು ನಿಂತೇ ಇದ್ದಳು.

"ತಾಳೆಯವರೇ, ನಮ್ಮವರ ಹೆಸರು ಬರಲಿಲ್ಲ."

"ನಾಳೆ ಬಾಮ್ಮ. ನಾಳೆಗಿದೆ."

"ನಾಳೆಗಾ? ನಾನು ಇಲ್ಲೇ ಬರೆದಿದ್ದೆನಲ್ಲ ಸ್ವಾಮಿ. ಇಗೋ, ಈ ಮೂಲೇಲಿ."

"ಓಲೆಯಲ್ಲಿ ನಾಳೆಯ ದಿನ ಅಂತಿದೆ. ಈಗ ಎರಡೂ ಕಡೆ ಒಂದೇ ಆಗಿದೆ. ದುಃಖದಲ್ಲಿ ದಿನ ಹಿಂದೆ ಮುಂದೆ ಆಗುತ್ತೆ ತಾಯಿ, ಯಾರಿಗಾದರೂ."

ಈ ಮಾತನ್ನು ನಾನು ಎಷ್ಟು ಮೆತ್ತಗೆ ಹೇಳಿದೆನೆಂದರೆ, ನನಗೇ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬಂತು.

ಅವಳು ಖಾಲಿ ಮೂಲೆಯನ್ನು ಬೆರಳಿಂದ ಸವರಿ ನೋಡಿದಳು. "ತಿಳಿದವರು ತಿದ್ದಿದೀರಿ ಅಂದ್ಮೇಲೆ ನನ್ನದೇ ತಪ್ಪಿರಬೇಕು" ಅಂದಳು. ಚೆಂಬಿನ ನೀರನ್ನು ಚೆಲ್ಲದೆ ಹಾಗೇ ಹೊತ್ತುಕೊಂಡು ಹೋದಳು.

ಮಾರನೆಯ ದಿನ ಬಂದಳು. ಹಿರಿಯರು ಅಂಬಿಗನ ಹೆಸರನ್ನು ಕೂಗಿದರು. ಅವಳು ಚೆಂಬು ಬಗ್ಗಿಸಿದಳು. ಅರ್ಧ ಹೊಯ್ದವಳು ಕೈ ತಡೆದಳು.

"ಸ್ವಾಮೀ, ಒಂದು ಮಾತು. ನಿನ್ನೆ ಓದಿದರಲ್ಲ, ಹುಣಸೆ ಸೀಳಿ ಚಿತೆಗೆ ಹಾಕಿದ್ದು, ಅದು ನಮ್ಮವರದೇ ಚಿತೆ. ಆಚೆ ದಡದಲ್ಲಿ ಆ ತಿಂಗಳು ಬೇರೆ ಚಿತೆ ಇರಲಿಲ್ಲ. ಕೊಳ್ಳಿ ಇಟ್ಟವಳು ನಾನು."

"ಹೌದೇನಮ್ಮ."

"ಚಿತೆ ಇನ್ನೂರ ಹನ್ನೊಂದಕ್ಕೆ. ಜೀವ ಹೋದದ್ದು ಇನ್ನೂರ ಹನ್ನೆರಡಕ್ಕೆ." ಅವಳು ನನ್ನ ಮುಖ ನೋಡಿದಳು. "ಹಾಗಾದ್ರೆ ನಾನು ಕೊಳ್ಳಿ ಇಟ್ಟಾಗ ಅವರಲ್ಲಿ ಉಸಿರಿತ್ತಾ?"

ಆಗ ಬಾಯಿ ಬಿಡಬೇಕಾಗಿತ್ತು. ಒಂದೇ ಮಾತು ಸಾಕಾಗಿತ್ತು. ನಾನು ನೋಡಲಿಲ್ಲ, ನಾನು ಕೇಳಲಿಲ್ಲ, ನಾನು ಅಳಿಸಿದೆ. ಆದರೆ ಹಿರಿಯರು ಎರಡು ಹೆಜ್ಜೆ ಆಚೆಗಿದ್ದರು. ನೀರು ಹೊಯ್ಯಲು ಬಂದ ನಾಲ್ಕು ಜನ ಸುತ್ತಲೂ ಇದ್ದರು. ನಾನು ನನ್ನ ಹೊಸಿಲನ್ನು ನೆನೆದುಕೊಂಡೆ.

"ಆ ಕಟ್ಟಿಗೆಯವನು ದಿನ ತಪ್ಪಿ ಬರೆದಿರಬೇಕು. ಅದನ್ನೂ ಸರಿಮಾಡ್ತೀನಿ, ಹೋಗಿ" ಅಂದೆ.

ಅವಳು ಮಿಕ್ಕ ನೀರನ್ನು ಹೊಯ್ಯಲಿಲ್ಲ. "ಇಂಥ ಕೈಯಿಂದ ಅವರು ಕುಡಿತಾರೋ ಇಲ್ವೋ" ಅಂದು ಹೊರಟುಹೋದಳು.

ಕಟ್ಟಿಗೆಯವನನ್ನು ಕರೆಸಿದೆ. "ಏನಯ್ಯ, ಒಂದು ದಿನ ಮೊದಲೇ ಬರೆದಿದ್ದೀಯಲ್ಲ" ಅಂದೆ.

ಅವನು ತಲೆ ಕೆರೆದುಕೊಂಡ. "ಹುಣಸೆ ಬಿದ್ದ ದಿನವೇ ಸೀಳಿದ ನೆನಪು ಬುದ್ಧೀ."

"ಗೋಡೆ ಹಾಗೆ ಹೇಳೋದಿಲ್ಲ."

"ಗೋಡೆ ಹೇಳದಿದ್ರೆ ಇಲ್ಲ ಬಿಡಿ. ನಾನು ಕಟ್ಟಿಗೆ ಹೊರೋನು, ದಿನ ಹೊರೋನಲ್ಲ" ಎಂದು ನಕ್ಕು ಹೋದ.

ಚಿತೆಯನ್ನು ಹನ್ನೆರಡಕ್ಕೆ ಸರಿಸಿದೆ. ಆದರೆ ಹುಣಸೆಯ ಓಲೆಯಲ್ಲಿ ಉರುಳಿದ ದಿನವೇ ಸೀಳಿದ್ದೆಂದು ಇತ್ತಲ್ಲ, ಆದ್ದರಿಂದ ಹುಣಸೆಯನ್ನೂ ಹನ್ನೆರಡಕ್ಕೆ ಸರಿಸಿದೆ. ಹುಣಸೆಗೆ ಗಾಳಿ ಕಟ್ಟಿಕೊಂಡಿತ್ತು, ಗಾಳಿಯನ್ನೂ ಸರಿಸಿದೆ. ಆಚೆ ದಡದ ಹೆಣ್ಣು ಮಗುವಿನ ಓಲೆಯಲ್ಲಿ 'ಒಣಹುಣಸೆ ಉರುಳಿದ ದಿನ ಹುಟ್ಟಿದವಳು' ಎಂದು ಕೊರೆದಿತ್ತು. ಹೊಸ ಓಲೆ ತಂದೆ. ಹದ ಮಾಡಿದೆ. ಮೊದಲಿನಿಂದ ಕೊರೆದೆ. ಅಂದು ಅಂಬಿಗನ ಓಲೆ ಕೊರೆಯಲು ಬೇಸರಪಟ್ಟವನು ಈಗ ಬೆನ್ನು ಬಗ್ಗಿಸಿ ಎರಡು ಹಗಲು ಕೊರೆದೆ. ಹಳೆಯ ಓಲೆಯನ್ನು ಹೊಳೆಯಲ್ಲಿ ಬಿಟ್ಟೆ.

ಒಂದನ್ನು ಸರಿಸಿದರೆ ಅದರ ಪಕ್ಕದ್ದು ಕೂಗುತ್ತಿತ್ತು. ಅದನ್ನು ಸರಿಸಿದರೆ ಇನ್ನೊಂದು ಕೂಗುತ್ತಿತ್ತು. ಕೊನೆಗೆ ಒಂದು ದಿನ ನೋಡುತ್ತೇನೆ, ಇನ್ನೂರ ಹನ್ನೊಂದನೆಯ ಗೂಡಿನಲ್ಲಿ ಆ ವರ್ಷದ್ದೆಂಬುದು ಏನೂ ಉಳಿದಿರಲಿಲ್ಲ. ಊರು ಒಂದು ಹಗಲನ್ನೇ ಬದುಕಿರಲಿಲ್ಲವೆಂಬಂತೆ ಹಲಗೆಯ ಆ ಮೂಲೆ ಕರ್ರಗೆ ಹೊಳೆಯುತ್ತಿತ್ತು. ಆ ವರ್ಷವೂ ಕಲ್ಲು ಬೀಳಲಿಲ್ಲ. ಗೋಡೆ ಹೇಳಿದ್ದನ್ನೇ ಓಲೆ ಹೇಳುತ್ತಿತ್ತು, ಓಲೆ ಹೇಳಿದ್ದನ್ನೇ ಗೋಡೆ ಹೇಳುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ನನ್ನ ಹೆಂಡತಿ ಬಡಿಸುತ್ತಾ, "ರೀ, ಆ ಅಂಬಿಗರವಳು ಮನೇಲಿ ಒಲೆ ಹಚ್ಚೋದನ್ನೇ ಬಿಟ್ಟಿದಾಳಂತೆ" ಅಂದಳು.

"ಯಾಕಂತೆ?"

"ಯಾರಿಗೂ ಹೇಳೋದಿಲ್ಲವಂತೆ. ನೆನೆಸಿದ ಅಕ್ಕಿ, ನೆನೆಸಿದ ಕಾಳು, ಅಷ್ಟೇ ತಿನ್ನೋದು. ದೀಪನೂ ಹಚ್ಚೋಲ್ಲವಂತೆ. ಬೆಂಕಿ ಕಂಡ್ರೆ ಕೈ ಸೆರಗಿನೊಳಗೆ ಮುಚ್ಚಿಟ್ಕೋತಾಳಂತೆ. ಪಾಪ, ಏನು ಹೊಕ್ಕಿದೆಯೋ ಮನಸ್ಸಿನಲ್ಲಿ. ಅನ್ನ ಹಾಕಲಾ?"

"ಬೇಡ" ಅಂದೆ.

"ಎರಡು ತುತ್ತೂ ತಿಂದಿಲ್ಲ ನೀವು."

ಎದ್ದು ಕೈ ತೊಳೆದೆ. ಮರುದಿನ ಬೆಳಗ್ಗೆ ದೇವರ ಮುಂದೆ ದೀಪ ಹಚ್ಚಲು ಕೂತೆ. ಬತ್ತಿ ಹೊತ್ತಿಕೊಂಡಿತು. ನನ್ನ ಕೈಗೆ ಬೆಂಕಿಯ ಭಯವಿರಲಿಲ್ಲ. ಭಯ ಇರಬೇಕಾದದ್ದು ಈ ಕೈಗೆ, ಅದನ್ನು ಅವಳ ಕೈಗೆ ಕೊಟ್ಟು ಬಂದಿದ್ದೆ. ದೇವರ ಮುಖ ನೋಡಲಾರದೆ ಬರೀ ಪಾದ ನೋಡಿ ಎದ್ದು ಬಂದೆ. ಹಾಗೆ ಎಷ್ಟೋ ದಿನ ಬರೀ ಪಾದ ನೋಡಿದೆ. ಆದರೂ ಬಾಯಿ ಬಿಡಲಿಲ್ಲ. ನಾಚಿಕೆ ಎಂಬುದು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಕೇಳಿದ್ದೆ. ನನ್ನನ್ನು ಅದು ಇನ್ನಷ್ಟು ಮೌನಿಯನ್ನಾಗಿ ಮಾಡಿತು, ಅಷ್ಟೇ.

ಮತ್ತೆ ಇನ್ನೂರ ಹನ್ನೊಂದು ಹತ್ತಿರ ಬಂತು. ಇನ್ನೂರ ಒಂಬತ್ತನೆಯ ದಿನ ಸೂಲಗಿತ್ತಿ ಬಂದಳು. ಅವಳು ಬೆಟ್ಟದಿಂದ ಬೆಟ್ಟಕ್ಕೆ, ಬಸಿರಿಂದ ಬಸಿರಿಗೆ ನಡೆಯುವವಳು. ಎರಡು ವರ್ಷಕ್ಕೊಮ್ಮೆ ನಮ್ಮ ಕಡೆ ಕಾಣಿಸಿದರೆ ಹೆಚ್ಚು. ಊರಿನ ಅರ್ಧ ಜನರನ್ನು ಬೆಳಕಿಗೆ ಎಳೆದವಳು, ನನ್ನನ್ನೂ. ಆದ್ದರಿಂದ ಯಾರನ್ನೂ ಬಹುವಚನದಲ್ಲಿ ಕರೆಯುವವಳಲ್ಲ.

"ಎಲ್ಲಿ ಆ ತಾಳೆಯವನು?" ಎಂದು ದಾರಿಯಿಂದಲೇ ಕೂಗಿಕೊಂಡು ಬಂದಳು. "ಏನೋ, ಆಚೆ ದಡದ ಮಗು ಹನ್ನೆರಡಕ್ಕೆ ಹುಟ್ಟಿದ್ದು ಅಂತ ಬರೆದಿದ್ದೀಯಂತೆ? ಅದರ ತಾಯಿ ನನ್ನ ಹತ್ರ, 'ಅಜ್ಜೀ, ನನಗೆ ನೋವು ಬಂದದ್ದು ಯಾವ ದಿನ ಅಂತ ನನಗೇ ತಿಳೀದೆ ಹೋಯ್ತಲ್ಲ' ಅಂತ ಅಳ್ತಾಳೆ. ಹೆತ್ತವಳಿಗೆ ತಿಳೀದು, ಹೊಕ್ಕಳು ಕೊಯ್ದ ನನಗೆ ತಿಳೀದು, ನಿನಗೆ ತಿಳೀತೇ? ನೀನೇನು ಬಾಗಿಲ ಸಂದಿಯಲ್ಲಿ ನಿಂತು ನೋಡ್ತಿದ್ದೆಯಾ?"

ಹೆಂಡತಿ ಬಾಗಿಲ ಮರೆಯಲ್ಲಿ ನಕ್ಕಳು. ನನಗೆ ನಗು ಬರಲಿಲ್ಲ.

"ಹುಣಸೆ ಬಿದ್ದ ದಿನ ಅಂತ ಇತ್ತಜ್ಜೀ. ಹುಣಸೆ..."

"ಹುಣಸೆ ಬಿದ್ದದ್ದು ಹನ್ನೊಂದರ ನಸುಕಲ್ಲಿ. ಅದು ಬಿದ್ದ ಸದ್ದಿಗೇ ಮಗು ಜಾರಿ ನನ್ನ ಕೈಗೆ ಬಂತು. ಇನ್ನೂ ಮಗೂನ ತೊಳೀತಿದ್ದೆ, ಅಂಬಿಗನ ಮನೆಯಿಂದ ಅಳು ಕೇಳಿತು. ಓಡಿದೆ. ಅವನ ಕಣ್ಣು ಮುಚ್ಚಿದವಳು ನಾನು. ಸಂಜೆ ಚಿತೆಯ ಹತ್ರ ಇದ್ದೆ, ಮಾರನೆಯ ಬೆಳಗ್ಗೆ ಬೆಟ್ಟ ಹತ್ತಿದೆ. ಈ ದಡಕ್ಕೆ ಸುದ್ದಿ ತಂದವನು ಆ ಕಟ್ಟಿಗೆಯವನು, ಹನ್ನೆರಡಕ್ಕೆ, ತೆಳುನೀರು ದಾಟಿಕೊಂಡು. ನಿಮ್ಮಲ್ಲಿ ಯಾರೋ ಸುದ್ದಿ ಕೇಳಿದ ದಿನವನ್ನೇ ಸತ್ತ ದಿನ ಅಂತ ಕೊರೆದಿದ್ದಾರೆ. ಇಷ್ಟೇ ತಾನೇ? ಒಂದು ಸಲ ಬಂದು ಕೇಳೋಕೆ ನಿನ್ನ ಕಾಲಿಗೇನು ಬೇರು ಬಿಟ್ಟಿತ್ತಾ?"

ಹೇಳುತ್ತಾ ಹೇಳುತ್ತಾ ಅವಳ ದನಿ ನಿಂತಿತು. ಅವಳು ನನ್ನನ್ನೇ ನೋಡಿದಳು.

"ಅವಳು ಒಲೆ ಹಚ್ಚದೆ ಕೂತಿರೋದು ಇದಕ್ಕೇನೋ?"

ನಾನು ತಲೆ ತಗ್ಗಿಸಿದೆ. ಎಲ್ಲವನ್ನೂ ಹೇಳಿದೆ. ಒದ್ದೆ ಬಟ್ಟೆಯ ವಿಷಯ ಹೇಳಿದೆ, ಹೊಸಿಲಿನ ವಿಷಯ ಹೇಳಿದೆ. ಹೆಂಡತಿ ಬಾಗಿಲ ಮರೆಯಿಂದ ಒಳಗೆ ಹೋದಳು. ಅವಳ ಬಳೆಯ ಸದ್ದು ಒಳಗಿನ ಕೋಣೆಯ ತನಕ ಕೇಳಿಸಿತು.

ಸೂಲಗಿತ್ತಿ ಒಳಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ, "ನನಗೆ ಹೇಳಿ ಏನು ಬಂತು? ನಡಿ" ಅಂದಳು.

ಮಾರನೆಯ ದಿನ ಇಬ್ಬರೂ ಹೊಳೆಯ ದಡಕ್ಕೆ ಹೋಗಿ ನಿಂತು ಕೂಗಿದೆವು. ಆಚೆಯಿಂದ ಅಂಬಿಗನ ಹೆಂಡತಿ ಹರಿಗೋಲು ತಂದಳು. ಇಳಿದುಹೋದ ಮುಖ, ಹುಟ್ಟು ಹಿಡಿದ ಕೈ ಕಡ್ಡಿಯಂತೆ. ಸೂಲಗಿತ್ತಿಯನ್ನು ಕಂಡು, "ಬಾರಜ್ಜೀ, ನಿನ್ನೆ ತಾನೇ ದಾಟಿಸಿದೆ, ಮತ್ತೆ ಯಾರ ಮನೇಲಿ ಹೆರಿಗೆ?" ಅಂದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು. ನನಗೆ ಮರ್ಯಾದೆ ಕೊಟ್ಟಳು. ಅದಕ್ಕಿಂತ ಅವಳು ಉಗಿದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಡುಹೊಳೆಯಲ್ಲಿ ನಾನು ಹೇಳಿದೆ. ದಡದಲ್ಲಿ ಹೇಳಿದರೆ ಓಡಿಹೋದೇನು ಎಂಬ ಭಯ ನನಗೆ ನನ್ನ ಮೇಲೇ ಇತ್ತು.

"ತಾಯಿ, ನೀವು ಬರೆದದ್ದೇ ಸರಿ. ಅವರು ಹೋದದ್ದು ಹನ್ನೊಂದಕ್ಕೇ. ನಾನು ಯಾರನ್ನೂ ಕೇಳಲಿಲ್ಲ. ನಿಮ್ಮ ಅಕ್ಷರ ಅಳಿಸಿದವನು ನಾನು. ನೀವು ಕೇಳಿದ ದಿನ ಸುಳ್ಳು ಹೇಳಿದವನೂ ನಾನು."

ಅವಳ ಹುಟ್ಟು ನಿಂತಿತು. ಹರಿಗೋಲು ನಿಧಾನವಾಗಿ ತನ್ನ ಸುತ್ತ ತಾನೇ ತಿರುಗಿತು. ಈಚೆ ದಡ ಕಂಡಿತು, ಆಚೆ ದಡ ಕಂಡಿತು, ಮತ್ತೆ ಈಚೆ ದಡ ಕಂಡಿತು.

"ಅವತ್ತೂ ನೀವೇ ಹೇಳಿದ್ರಿ. ಇವತ್ತೂ ನೀವೇ ಹೇಳ್ತಿದೀರಿ" ಅಂದಳು. ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. "ಎರಡರಲ್ಲಿ ಯಾವುದು ಸುಳ್ಳು ಅಂತ ನಾನು ಹೇಗೆ ತಿಳೀಲಿ ಸ್ವಾಮಿ? ನನ್ನ ಸಂಕಟ ನೋಡಲಾರದೆ ಇವತ್ತಿಂದು ಕಟ್ಟಿ ಹೇಳ್ತಿರಬಹುದು."

ಬರೆಯುವವನ ಮಾತು ಒಮ್ಮೆ ಹೋದರೆ, ಆಮೇಲೆ ಅವನು ಆಡುವ ನಿಜವೂ ಅವನ ಸುಳ್ಳಿನ ಜೊತೆಗೇ ಹೋಗುತ್ತದೆಂದು ನಾನು ಅಲ್ಲಿ, ಆ ನೀರಿನ ಮೇಲೆ ತಿಳಿದೆ.

ಸೂಲಗಿತ್ತಿ ಮುಂದೆ ಬಗ್ಗಿ ಅವಳ ಎರಡು ಕೈಯನ್ನೂ ಹಿಡಿದುಕೊಂಡಳು.

"ಅವನ ಮಾತು ಬಿಡು. ನನ್ನ ಮಾತು ಕೇಳು ಹುಡುಗಿ. ಬರೋ ಉಸಿರು, ಹೋಗೋ ಉಸಿರು, ಎರಡೂ ಈ ಅಂಗೈಗೆ ಗೊತ್ತು. ನಿನ್ನ ಗಂಡನ ಮೂಗಿನ ಹತ್ರ ಈ ಕೈ ಇಟ್ಟು ಕೂತಿದ್ದೆ. ನೀನು ಗೋಡೆಗೆ ತಲೆ ಚಚ್ಚಿಕೊಳ್ತಿದ್ದೆ, ನೀನು ನೋಡಲಿಲ್ಲ. ಬಿಸಿಲು ಬಾಗಿಲಿಂದ ಒರಳುಕಲ್ಲಿನ ತನಕ ಬರೋವಷ್ಟು ಹೊತ್ತು ಕೂತಿದ್ದೆ. ಏನೂ ಇರಲಿಲ್ಲ ಕಣೇ. ಸಂಜೆ ಚಿತೆಗೆ ಎತ್ತುವಾಗ ಅವನ ಪಾದ ಹಿಡಿದವಳು ನಾನು. ಹೊಳೆಯೊಳಗಿನ ಕಲ್ಲಿನ ಹಾಗೆ ತಣ್ಣಗಿತ್ತು. ಬೆಂಕಿ ಅವನಿಗೆ ತಾಗಲೇ ಇಲ್ಲ. ಅವನು ಆಗಲೇ ಹೋಗಿದ್ದ."

ಅಂಬಿಗನ ಹೆಂಡತಿ ತನ್ನ ಕೈಗಳನ್ನು ನೋಡಿಕೊಂಡಳು. ಮಗುಚಿ ನೋಡಿದಳು. ಆಮೇಲೆ ಅವಳು ಅತ್ತದ್ದನ್ನು ನಾನು ಬರೆಯಲಾರೆ. ಒಂದು ವರ್ಷ ಅಳದೆ ಇಟ್ಟುಕೊಂಡದ್ದು ಅದು. ಹರಿಗೋಲು ತಾನಾಗಿಯೇ ಹರಿದು ಕೆಳಗೆ ಎಲ್ಲೋ ಹೋಗಿ ಜೊಂಡಿನಲ್ಲಿ ನಿಂತಿತು. ನಾನು ಮೊಣಕಾಲಿನ ತನಕ ನೀರಿಗಿಳಿದು ಅದನ್ನು ಎಳೆದು ದಡಕ್ಕೆ ತಂದೆ.

ಅವತ್ತೇ ಹೆಸರಿನ ಮನೆಗೆ ಹೋಗಿ ಅಂಬಿಗನ ಹೊಸ ಓಲೆ ಕೊರೆದೆ. ಇನ್ನೂರ ಹನ್ನೊಂದು ಎಂದು ಕೊರೆದೆ. ಮಗುವಿನ ಓಲೆಯನ್ನೂ ಮತ್ತೆ ಕೊರೆದೆ.

ಮಾರನೆಯ ದಿನ ಹೊತ್ತು ಮೂಡುವಾಗ ಇನ್ನೂರ ಹನ್ನೊಂದನೆಯ ಗೂಡಿನ ಮುಂದೆ ಜನ ಸೇರಿದ್ದರು. ಹಿರಿಯರು ಓದಲು ಬಾಯಿ ತೆರೆಯುವ ಮೊದಲು ನಾನು ಮುಂದೆ ಹೋಗಿ ಕೈಮುಗಿದೆ. ಹೇಳಬೇಕಾದದ್ದನ್ನು ಹೇಳಿದೆ.

"ಎಷ್ಟು ಬದಲಿಸಿದೆ?" ಎಂದು ಹಿರಿಯರು ಕೇಳಿದರು.

"ಒಂದು ಹಗಲು ಪೂರ್ತಿ" ಅಂದೆ.

ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಮೊದಲು ಒಬ್ಬ ಮುದುಕ ಪಕ್ಕದವನನ್ನು, "ಹಾಗಾದ್ರೆ ನಮ್ಮಪ್ಪನದು? ಅದು ಸರಿಯಿದೆಯೋ?" ಎಂದು ಕೇಳಿದ. ಆಮೇಲೆ ಒಬ್ಬ ಹೆಂಗಸು, "ನಮ್ಮ ಮಗೂದು?" ಎಂದಳು. ಮದುವೆಯ ದಿನಕ್ಕೆ ಜಗಳವಾಡಿದ್ದ ಆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜನ ನನ್ನನ್ನು ಬಿಟ್ಟು ಗೋಡೆಯನ್ನು ನೋಡತೊಡಗಿದರು, ಈ ತುದಿಯಿಂದ ಆ ತುದಿಯ ತನಕ. ಹುಟ್ಟಿದಾಗಿನಿಂದ ಒರಗಿಕೊಂಡಿದ್ದ ಗೋಡೆಯನ್ನು ಅವರು ಕೈಯಿಂದ ಮುಟ್ಟಿ, ತಳ್ಳಿ ನೋಡುವ ಹಾಗೆ ನೋಡಿದರು. ನನಗೆ ಮುಖ ಇಟ್ಟುಕೊಳ್ಳಲು ಜಾಗ ಸಾಲಲಿಲ್ಲ.

ಹಿರಿಯರು ಹಲಗೆಯ ಕಡೆ ತೋರಿಸಿ, "ಬರಿ ಮತ್ತೆ. ಹೆಸರು ಇಲ್ಲದೆ ಏನನ್ನು ಕೂಗಲಿ?" ಎಂದು ನನಗೆ ಹೇಳಿದರು.

ನಾನು ಸೊಂಟದಿಂದ ಬಳಪ ತೆಗೆದೆ. ಅಂಬಿಗನ ಹೆಂಡತಿ ಚೆಂಬನ್ನು ಸೂಲಗಿತ್ತಿಯ ಕೈಗೆ ಕೊಟ್ಟು ಮುಂದೆ ಬಂದಳು. ಕೈ ನೀಡಿದಳು. ಬಳಪವನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೊದಲ ಅಕ್ಷರದ ಮೊದಲ ಗೆರೆ ಎಳೆದು, ಕಣ್ಣು ಕಿರಿದುಮಾಡಿ ನೋಡಿದಳು. ತಲೆಯೆತ್ತದೆ ಹೇಳಿದಳು.

"ಸ್ವಲ್ಪ ಪಕ್ಕಕ್ಕೆ ಬನ್ನಿ ಸ್ವಾಮಿ. ಬೆಳಕಿಗೆ ಅಡ್ಡ ನಿಂತಿದೀರಿ."

ನಾನು ಪಕ್ಕಕ್ಕೆ ಬಂದೆ.